ರಕ್ತ ಹೆಚ್ಚಾದ ದೇಹದಿಂದ ರಕ್ತ ತೆಗೆಯುವುದು: ಬೀಡಿ ಕಟ್ಟುವ ಮಹಿಳೆಯೊಬ್ಬರ ಪ್ರಕರಣ ಅಧ್ಯಯನ

ಈ ಪ್ರಕರಣದ ರೋಗಿ ವಿಟ್ಲದ ಕಡೆಯ ಹಳ್ಳಿಯೊಂದರ 62 ವರ್ಷದ ಮಹಿಳೆ. ಮದುವೆಯಾಗಿ ಬಂದ ಮೇಲೆ ಸುಮಾರು ನಲವತ್ತು ವರ್ಷ ಬೀಡಿ ಕಟ್ಟಿ, ಆ ಮಜೂರಿಯಲ್ಲೇ ಮಗನನ್ನು ಓದಿಸಿ ಗಲ್ಫಿಗೆ ಕಳುಹಿಸಿದವರು. ಮಂಗಳೂರಿನ ಆಸ್ಪತ್ರೆಯೊಂದರ ರಕ್ತನಿಧಿಯಲ್ಲಿ ವೈದ್ಯೆಯಾಗಿರುವ ನನ್ನ ಬಳಿಗೆ ಅವರು ಬಂದದ್ದು ರಕ್ತ ಪಡೆಯುವುದಕ್ಕೂ ಅಲ್ಲ, ದಾನ ಮಾಡುವುದಕ್ಕೂ ಅಲ್ಲ. ಅವರ ದೇಹದಲ್ಲಿ ಹೆಚ್ಚಾಗಿದ್ದ ರಕ್ತವನ್ನು ತೆಗೆಯಬೇಕಾಗಿತ್ತು. ಅವರ ಮತ್ತು ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಈ ಚಿಕಿತ್ಸೆಯಲ್ಲಿ ಸೂಜಿ ಹಾಕಿ ರಕ್ತ ತೆಗೆಯುವ ಕೆಲಸ ಹೆಚ್ಚೆಂದರೆ ಅರ್ಧ ಗಂಟೆಯದು. ಅದರ ಅರ್ಥವನ್ನು ರೋಗಿಗೂ ಮನೆಯವರಿಗೂ ತಿಳಿಸಿ ಹೇಳುವ ಕೆಲಸ ಮಾತ್ರ ತಿಂಗಳುಗಟ್ಟಲೆ ನಡೆಯುತ್ತದೆ, ಮತ್ತು ಆ ಕೆಲಸದಲ್ಲಿ ನಾನು ಒಂದು ಕಡೆ ತಪ್ಪಿದೆ.

ಅವರ ತೊಂದರೆ ಶುರುವಾದದ್ದು ಬಚ್ಚಲುಮನೆಯಲ್ಲಿ. ಹಂಡೆಯ ಬಿಸಿನೀರಿನಲ್ಲಿ ಮಿಂದು ಬಂದ ಹತ್ತು ನಿಮಿಷಕ್ಕೆ ಬೆನ್ನು, ತೋಳು, ತೊಡೆಗಳಲ್ಲಿ ಸೂಜಿಯಿಂದ ಚುಚ್ಚಿದಂಥ ತುರಿಕೆ ಎದ್ದು, ಮುಕ್ಕಾಲು ಗಂಟೆಯ ಬಳಿಕ ತಾನಾಗಿ ಇಳಿಯುತ್ತಿತ್ತು. ಮೈಮೇಲೆ ಒಂದು ಗುಳ್ಳೆಯೂ ಏಳುತ್ತಿರಲಿಲ್ಲ. ಸಾಬೂನು ಬದಲಿಸಿದರು, ಸಾಬೂನು ಬಿಟ್ಟು ಹೆಸರುಹಿಟ್ಟು ಹಚ್ಚಿದರು, ಕಹಿಬೇವಿನ ಎಲೆ ಕುದಿಸಿದ ನೀರು ಹಾಕಿಕೊಂಡರು. ಚರ್ಮದ ತೊಂದರೆ ಬಂದಾಗ ನಮ್ಮ ಊರಿನ ಮನೆಗಳು ಮಾಡುವಂತೆ ನಾಗನಿಗೆ ತನು, ಅಂದರೆ ಹಾಲು ಎಳನೀರು, ಎರೆಸಿದರು. ಕೊನೆಗೆ ಸ್ನಾನಕ್ಕೇ ಹೆದರಿ, ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳುವುದರಲ್ಲಿ ದಿನ ಕಳೆಯುತ್ತಿದ್ದರು. ಬೆವರಿಳಿಯುವ ಈ ಕರಾವಳಿಯಲ್ಲಿ ದಿನಕ್ಕೆರಡು ಸಲ ಮೀಯುವ ಅಭ್ಯಾಸವಿದ್ದ ಹೆಂಗಸಿಗೆ ಅದು ಎಷ್ಟು ಕಷ್ಟವಾಗಿರಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೊಸೆ ಅವರನ್ನು ಮಂಗಳೂರಿನ ಚರ್ಮವೈದ್ಯರಲ್ಲಿಗೆ ಕರೆತಂದರು. ಆ ವೈದ್ಯರು ಚರ್ಮವನ್ನಷ್ಟೇ ನೋಡಿ ಮುಲಾಮು ಬರೆದು ಕಳುಹಿಸಲಿಲ್ಲ. ಮುಖ ಮತ್ತು ಅಂಗೈಗಳ ಕೆಂಪನ್ನು ಗಮನಿಸಿದರು, ತಲೆನೋವು ಉಂಟೇ ಎಂದು ಕೇಳಿದರು, ರಾತ್ರಿ ಕಾಲ್ಬೆರಳುಗಳು ಕೆಂಡ ಮೆಟ್ಟಿದಂತೆ ಉರಿಯುತ್ತವೆ ಎಂಬ ಮಾತನ್ನು ಕೇಳಿಸಿಕೊಂಡರು, ಮತ್ತು ರಕ್ತಪರೀಕ್ಷೆಗೆ ಬರೆದರು. ವರದಿಯಲ್ಲಿ ಹಿಮೋಗ್ಲೋಬಿನ್ 18.6 ಗ್ರಾಂ, ಪಿಸಿವಿ 57, ಬಿಳಿ ರಕ್ತಕಣ 13,400, ಪ್ಲೇಟ್‌ಲೆಟ್ 5,80,000 ಎಂದಿತ್ತು. ಪಿಸಿವಿ ಎಂದರೆ ಒಟ್ಟು ರಕ್ತದಲ್ಲಿ ಕೆಂಪುಕಣಗಳು ತುಂಬಿರುವ ಪಾಲು, ಶೇಕಡಾ ಲೆಕ್ಕದಲ್ಲಿ. ಹೆಂಗಸರಲ್ಲಿ ಅದು 48ನ್ನು ದಾಟಿದರೆ ಕಾರಣ ಹುಡುಕಬೇಕು. ಪ್ರಯೋಗಾಲಯದವರು ಮಾದರಿ ಅದಲುಬದಲಾಗಿರಬೇಕೆಂದು ಭಾವಿಸಿ ಮತ್ತೊಮ್ಮೆ ರಕ್ತ ತೆಗೆದುಕೊಂಡರು. ಅವರನ್ನು ದೂರುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ದುಡಿಯುವ ಹಳ್ಳಿಯ ಹೆಂಗಸಿಗೆ ರಕ್ತ ಹೆಚ್ಚಾಗಿದೆ ಎಂದರೆ ನಂಬುವುದು ಕಷ್ಟವೇ. ಎರಡನೆಯ ವರದಿಯೂ ಅದನ್ನೇ ಹೇಳಿತು.

ಪಿಸಿವಿ ಏರಿದ ಕೂಡಲೇ ಅದು ರಕ್ತದ ಕಾಯಿಲೆ ಎಂದು ತೀರ್ಮಾನಿಸುವಂತಿಲ್ಲ. ವಾಂತಿಭೇದಿಯಿಂದಲೋ ಬಿಸಿಲಿನಿಂದಲೋ ದೇಹದ ನೀರು ಬತ್ತಿದರೆ ರಕ್ತ ಗಟ್ಟಿಯಾದಂತೆ ಕಾಣುತ್ತದೆ. ಧೂಮಪಾನ, ಶ್ವಾಸಕೋಶದ ದೀರ್ಘಕಾಲದ ಕಾಯಿಲೆ, ಮೂತ್ರಪಿಂಡದ ಕೆಲವು ಗಡ್ಡೆಗಳು ಕೂಡ ಕೆಂಪುಕಣಗಳನ್ನು ಹೆಚ್ಚಿಸುತ್ತವೆ. ಇವರು ಬೀಡಿ ಕಟ್ಟುತ್ತಿದ್ದರೇ ಹೊರತು ಸೇದುತ್ತಿರಲಿಲ್ಲ. ರಕ್ತದ ಆಮ್ಲಜನಕ ಶೇಕಡಾ 97 ಇತ್ತು. ಸ್ಕ್ಯಾನಿಂಗ್‌ನಲ್ಲಿ ಮೂತ್ರಪಿಂಡಗಳು ಸರಿಯಿದ್ದವು, ಗುಲ್ಮ (ಸ್ಪ್ಲೀನ್) ದೊಡ್ಡದಾಗಿತ್ತು. ಕೆಂಪುಕಣ ತಯಾರಿಸಲು ಎಲುಬಿನೊಳಗಿನ ಮಜ್ಜೆಗೆ ಆಜ್ಞೆ ಕೊಡುವ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನ್ ಮಾಮೂಲಿಗಿಂತ ಕಡಿಮೆ ಇತ್ತು. ಅಂದರೆ ಆಜ್ಞೆ ಇಲ್ಲದೆಯೇ ಮಜ್ಜೆ ಕಣಗಳನ್ನು ತಯಾರಿಸುತ್ತಿತ್ತು. ಜಾಕ್2 ಜೀನಿನ ಪರೀಕ್ಷೆ ಪಾಸಿಟಿವ್ ಬಂತು. ಅಸ್ಥಿಮಜ್ಜೆಯ ಪರೀಕ್ಷೆಯೂ ಅದಕ್ಕೆ ಹೊಂದಿಕೆಯಾದ ಮೇಲೆ ರಕ್ತರೋಗ ತಜ್ಞರು ಇದು ಮಜ್ಜೆ ಮಿತಿಮೀರಿ ರಕ್ತಕಣ ತಯಾರಿಸುವ ಪಾಲಿಸೈಥೀಮಿಯಾ ವೆರಾ ಎಂದು ನಿರ್ಣಯಿಸಿದರು. ಫ್ರಾನ್ಸಿನ ಲೂಯಿ ಹೆನ್ರಿ ವಾಕೇ 1892ರಲ್ಲಿ ಮೊದಲು ವಿವರಿಸಿದ ಕಾಯಿಲೆ ಇದು. ಇಂಥ ರೋಗಿಗಳಲ್ಲಿ ಶೇಕಡಾ 95ರಷ್ಟು ಮಂದಿಯಲ್ಲಿ ಜಾಕ್2 ಜೀನಿನ ಒಂದೇ ಬಗೆಯ ಬದಲಾವಣೆ ಇರುತ್ತದೆ ಎಂಬುದು ಗೊತ್ತಾದದ್ದು ಬಹಳ ತಡವಾಗಿ, 2005ರಲ್ಲಿ. ಈ ಬದಲಾವಣೆ ಹುಟ್ಟಿನಿಂದ ಬಂದದ್ದಲ್ಲ, ಬದುಕಿನ ನಡುವೆ ಮಜ್ಜೆಯ ಒಂದು ಮೂಲಕೋಶದಲ್ಲಿ ಆದದ್ದು. ಮಗನಿಗೂ ಬರುತ್ತದೆಯೇ ಎಂದು ಅವರು ಮೊದಲ ದಿನವೇ ಕೇಳಿದ್ದರು, ಆ ಭಯವನ್ನು ಅಲ್ಲಿಯೇ ನಿವಾರಿಸಿದೆವು.

ಗಟ್ಟಿಯಾದ ರಕ್ತ ನಿಧಾನವಾಗಿ ಹರಿಯುತ್ತದೆ, ಹೆಪ್ಪುಗಟ್ಟುವುದಕ್ಕೆ ಹವಣಿಸುತ್ತದೆ. ಮಿದುಳಿನಲ್ಲೋ ಹೃದಯದಲ್ಲೋ ಕಾಲಿನ ರಕ್ತನಾಳದಲ್ಲೋ ಹೆಪ್ಪು ಕಟ್ಟುವುದೇ ಈ ಕಾಯಿಲೆಯ ನಿಜವಾದ ಅಪಾಯ. ಗಂಟೆಗಟ್ಟಲೆ ಕಾಲು ಮಡಚಿ, ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ಕೂರುವ ಬೀಡಿ ಕೆಲಸದವರ ಬಗ್ಗೆ ನನಗೆ ಆ ಆತಂಕ ಇನ್ನಷ್ಟು ಹೆಚ್ಚು. ಪಿಸಿವಿಯನ್ನು ಎಷ್ಟಕ್ಕೆ ಇಳಿಸಬೇಕು ಎಂಬುದಕ್ಕೆ ಇಟಲಿಯಲ್ಲಿ 365 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಉತ್ತರ ಕೊಟ್ಟಿದೆ. 45ಕ್ಕಿಂತ ಕೆಳಗೆ ಇರಿಸಿಕೊಂಡವರಿಗೆ ಹೋಲಿಸಿದರೆ, 45ರಿಂದ 50ರ ನಡುವೆ ಬಿಟ್ಟವರಲ್ಲಿ ಹೃದಯ ಮತ್ತು ರಕ್ತನಾಳದ ಕಾರಣದಿಂದ ಆದ ಸಾವು ಹಾಗೂ ದೊಡ್ಡ ಹೆಪ್ಪುಗಳು ಸುಮಾರು ನಾಲ್ಕು ಪಟ್ಟು ಹೆಚ್ಚಾಗಿದ್ದವು. ಹಾಗಾಗಿ ನಮ್ಮ ಗುರಿ 45ರ ಕೆಳಗೆ. ಅದನ್ನು ತಲುಪಲು ಅತ್ಯಂತ ಬೇಗನೆ ಫಲ ಕೊಡುವ ದಾರಿ ಎಂದರೆ ರಕ್ತವನ್ನು ತೆಗೆಯುವುದು.

ಇದನ್ನು ಕೇಳಿದಾಗ ಮನೆಯವರಿಗೆ ಥಟ್ಟನೆ ಹೊಳೆದದ್ದು 'ಕೆಟ್ಟ ರಕ್ತ' ಎಂಬ ಮಾತು. ಆಯುರ್ವೇದದಲ್ಲಿ ಜಿಗಣೆ ಹಚ್ಚಿ ಮಾಡುವ ರಕ್ತಮೋಕ್ಷಣವನ್ನು ಅವರು ಬಲ್ಲರು. ಇದೂ ಅದೇ ಎಂದುಕೊಂಡರು. ಅವರಿಗೆ ನಾನು ವಿವರಿಸಿದ್ದು ಇಷ್ಟು: ನಾವು ತೆಗೆಯುವುದು ಕೊಳೆಯನ್ನಲ್ಲ, ಲೆಕ್ಕಕ್ಕೆ ಮೀರಿದ ಕೆಂಪುಕಣಗಳನ್ನು, ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಪ್ರತಿ ಸಲ ಪಿಸಿವಿ ನೋಡಿಯೇ ತೀರ್ಮಾನಿಸುತ್ತೇವೆ. ತೆಗೆದ ರಕ್ತದ ನೀರಿನ ಭಾಗವನ್ನು ದೇಹ ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ, ಕಣಗಳನ್ನು ಅಷ್ಟು ಬೇಗ ತುಂಬಿಕೊಳ್ಳಲಾರದು. ಆದ್ದರಿಂದ ರಕ್ತ ತೆಳುವಾಗುತ್ತದೆ. ಇದಕ್ಕಿಂತ ಮುಖ್ಯವಾದ ಎರಡನೆಯ ಕಾರಣವೊಂದಿದೆ, ಅದು ಕಬ್ಬಿಣದ್ದು. ಇವರಂಥವರ 350 ಮಿಲಿಲೀಟರ್ ರಕ್ತದೊಂದಿಗೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ಹೊರಗೆ ಹೋಗುತ್ತದೆ. ಊಟದಿಂದ ದೇಹ ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಹೀಗೆ ದಾಸ್ತಾನು ಬರಿದಾದ ಮೇಲೆ ಮಜ್ಜೆಗೆ ಕಣ ಕಟ್ಟುವ ಸಾಮಾನು ಸಿಗುವುದಿಲ್ಲ. ಬೀಡಿ ಬ್ರಾಂಚಿನಿಂದ ಎಲೆ ಬಾರದೆ ಇದ್ದರೆ ಕೈ ಎಷ್ಟೇ ಚುರುಕಾಗಿದ್ದರೂ ಬೀಡಿ ಕಟ್ಟಲಾಗದು ಎಂದೆ. ಆ ಹೋಲಿಕೆ ಅವರಿಗೆ ತಟ್ಟಿತು. ಆ ಎಲೆಯನ್ನು, ಅಂದರೆ ಕಬ್ಬಿಣವನ್ನು, ಹೊರಗಿನಿಂದ ತಂದು ಕೊಡಬೇಡಿ ಎಂಬ ಮಾತನ್ನೂ ಅಂದೇ ಅಷ್ಟೇ ಒತ್ತಿ ಹೇಳಿದ್ದರೆ ಚೆನ್ನಾಗಿತ್ತು.

ಅವರ ತೂಕ 52 ಕಿಲೋ. ಆದ್ದರಿಂದ 450ರ ಚೀಲ ಬೇಡವೆಂದು, ದಾನಿಗಳಿಗೆ ಬಳಸುವ 350 ಮಿಲಿಲೀಟರಿನ ಚೀಲವನ್ನೇ ಆರಿಸಿದೆವು. ದಾನಿಗಳು ಮಲಗುವ ಅದೇ ಒರಗುಕುರ್ಚಿ, ಅದೇ 16 ಗೇಜಿನ ಸೂಜಿ. ಮಾಮೂಲಿ ರಕ್ತಪರೀಕ್ಷೆಯ ಸೂಜಿಗಿಂತ ಇದು ದಪ್ಪ. ಚುಚ್ಚುವಾಗ ಹೆಚ್ಚು ನೋಯುತ್ತದೆ, ಒಳಗೆ ಹೋದ ಮೇಲೆ ಆ ನೋವು ಉಳಿಯುವುದಿಲ್ಲ. ರೋಗಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು ಎಂಬುದು ನನ್ನ ಅಭ್ಯಾಸ, ನೋಯುವುದೇ ಇಲ್ಲ ಎಂದು ಹೇಳಿ ಚುಚ್ಚಿದರೆ ಎರಡನೆಯ ಸಲ ನಮ್ಮ ಮಾತನ್ನು ಅವರು ಯಾಕೆ ನಂಬಬೇಕು? ಯಾವ ಕೈಗೆ ಚುಚ್ಚುತ್ತೀರಿ ಎಂದು ಅವರೇ ಕೇಳಿದರು. ಎಲೆ ಕತ್ತರಿಸುವ ಕತ್ತರಿ ಹಿಡಿಯುವುದು ಬಲಗೈಯಲ್ಲಿ. ಮೊಣಕೈ ಮಡಿಕೆಯ ರಕ್ತನಾಳ ಎದ್ದು ಕಾಣುತ್ತಿದ್ದದ್ದೂ ಬಲಗೈಯಲ್ಲೇ. ಮೊದಲ ಸಲಕ್ಕೆ ಬಲಗೈಯನ್ನೇ ಒಪ್ಪಿದರು.

ಆರೋಗ್ಯವಂತ ದಾನಿಯಲ್ಲಿ ಐದೆಂಟು ನಿಮಿಷದಲ್ಲಿ ತುಂಬುವ ಚೀಲ ಇವರಲ್ಲಿ ತುಂಬಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ನಳಿಕೆಯಲ್ಲಿ ಇಳಿಯುತ್ತಿದ್ದ ರಕ್ತದ ಬಣ್ಣ ಕೆಂಪಿಗಿಂತ ಕಪ್ಪಿಗೇ ಹತ್ತಿರ, ಎಳೆ ಬರುವ ಹದಕ್ಕೆ ಬಂದ ಬೆಲ್ಲದ ಪಾಕದ ಹಾಗೆ. ಚೀಲವನ್ನು ತೂಗುವ ಯಂತ್ರ ಅತ್ತಿತ್ತ ಓಲಾಡುತ್ತಿದ್ದರೂ ಮುಳ್ಳು ಮೇಲೇರುತ್ತಿರಲಿಲ್ಲ. ಹರಿವು ನಿಂತುಹೋದೀತೆಂದು ನಮ್ಮ ಟೆಕ್ನೀಷಿಯನ್ ಅವರ ಅಂಗೈಗೆ ಸ್ಪಂಜಿನ ಚೆಂಡು ಕೊಟ್ಟು, ಹಿಸುಕಿ ಬಿಡಿ, ಹಿಸುಕಿ ಬಿಡಿ ಎಂದು ಪಕ್ಕದಲ್ಲೇ ನಿಂತಿದ್ದಳು. ಮುಗಿದ ಮೇಲೆ ಹತ್ತು ನಿಮಿಷ ಹತ್ತಿಯಿಂದ ಒತ್ತಿ ಹಿಡಿದೆವು, ಕಾಲು ಗಂಟೆ ಮಲಗಿಸಿದೆವು, ಎರಡು ಲೋಟ ಶರಬತ್ತು ಕುಡಿಸಿದೆವು. ಅಂದು ಆ ಕೈಯಲ್ಲಿ ಕೊಡಪಾನ ಎತ್ತಬಾರದು, ಪಟ್ಟಿಯನ್ನು ನಾಲ್ಕೈದು ಗಂಟೆ ತೆಗೆಯಬಾರದು, ಬೀಡಿಯನ್ನು ಮರುದಿನದಿಂದ ಕಟ್ಟಬಹುದು ಎಂದು ತಿಳಿಸಿ ಕಳುಹಿಸಿದೆವು.

ಹೊರಡುವ ಮೊದಲು ಅವರು ತುಂಬಿದ ಚೀಲವನ್ನು ನೋಡುತ್ತ ಕೇಳಿದರು: "ಡಾಕ್ಟ್ರೇ, ಇಷ್ಟು ರಕ್ತ ಸುಮ್ಮನೆ ಬಿಸಾಡುವುದಾ? ಬಾಣಂತಿಯರಿಗೆ ರಕ್ತ ಸಿಗುವುದಿಲ್ಲ ಅಂತ ಹೇಳ್ತಾರೆ, ಯಾರಿಗಾದರೂ ಕೊಡ್ಲಿಕ್ಕೆ ಆಗುವುದಿಲ್ವಾ?" ರಕ್ತದಾನ ಶಿಬಿರಗಳು ಊರೂರಿನಲ್ಲಿ ನಡೆಯುವ ಜಿಲ್ಲೆಯಲ್ಲಿ ಈ ಪ್ರಶ್ನೆ ಸಹಜವಾದದ್ದು, ಅವರ ಮೇಲೆ ನನಗೆ ಬಹಳ ಗೌರವ ಮೂಡಿಸಿದ ಪ್ರಶ್ನೆಯೂ ಹೌದು. ಕೊಡಲಾಗದು ಎಂದೆ. ಕಣ ತಯಾರಾಗುವ ಮಜ್ಜೆಯಲ್ಲೇ ತಪ್ಪು ಸೇರಿಕೊಂಡಿರುವಾಗ ಆ ರಕ್ತವನ್ನು ಇನ್ನೊಬ್ಬರ ದೇಹಕ್ಕೆ ಹಾಕುವಂತಿಲ್ಲ. ಅದು ಹಳದಿ ಚೀಲದಲ್ಲಿ ವೈದ್ಯಕೀಯ ತ್ಯಾಜ್ಯವಾಗಿ ಹೋಗುತ್ತದೆ. ಹುಟ್ಟಿನಿಂದಲೇ ಕಬ್ಬಿಣಾಂಶ ಹೆಚ್ಚು ಸೇರುವ ಹೀಮೋಕ್ರೊಮಟೋಸಿಸ್ ಎಂಬ ಕಾಯಿಲೆಯವರಿಂದ ಹೀಗೆ ತೆಗೆದ ರಕ್ತವನ್ನು ಅಮೆರಿಕದಂಥ ದೇಶಗಳಲ್ಲಿ ಕಟ್ಟುನಿಟ್ಟಿನ ಷರತ್ತುಗಳ ಮೇಲೆ ಬಳಸುವುದುಂಟು, ಆದರೆ ಅದು ಬೇರೆಯೇ ಕಾಯಿಲೆ. ಐರೋಪ್ಯ ಮೂಲದವರಲ್ಲಿ ಹೆಚ್ಚು, ನಮ್ಮಲ್ಲಿ ಅಪರೂಪ. ಅವರು ಮಾತನಾಡದೆ ತಲೆಯಾಡಿಸಿದರು. ಮುಂದಿನ ಬಾರಿ ಬಂದಾಗ ಸೊಸೆಯ ತಮ್ಮನನ್ನು ಜೊತೆಗೆ ಕರೆತಂದು ಅವನಿಂದ ಒಂದು ಚೀಲ ದಾನ ಮಾಡಿಸಿದರು.

ಆ ಮುಂದಿನ ಬಾರಿ, ಐದು ದಿನಗಳ ಬಳಿಕ, ತೊಂದರೆಯಾಯಿತು. ರಕ್ತ ತೆಗೆಯುವುದೆಂದರೆ ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂಬ ತಿಳಿವಳಿಕೆ ನಮ್ಮ ಜನರಲ್ಲಿ ಬೇರೂರಿದೆ. ಬೆಳಿಗ್ಗೆ ಒಂದು ಲೋಟ ಹಾಲಿಲ್ಲದ ಕಣ್ಣ ಚಾ ಕುಡಿದು, ಬಸ್ಸಿನಲ್ಲಿ ನಿಂತು ಬಂದು, ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು, ಬಿಸಿಲಿನಲ್ಲಿ ನಡೆದು ಬಂದಿದ್ದರು. ಇನ್ನೂರು ಮಿಲಿಲೀಟರ್ ಆಗುವಾಗ ಆಕಳಿಕೆ ಬಂತು. ಅನುಭವಿ ಟೆಕ್ನೀಷಿಯನ್‌ಗಳಿಗೆ ಆಕಳಿಕೆ ಎಂದರೆ ಎಚ್ಚರಿಕೆಯ ಗಂಟೆ. ನಿಮಿಷದೊಳಗೆ ತುಟಿ ಬಿಳಿಚಿತು, ಹಣೆಯಲ್ಲಿ ಬೆವರು ಮೂಡಿತು, 150/90 ಇದ್ದ ರಕ್ತದೊತ್ತಡ 86/54ಕ್ಕೆ ಇಳಿಯಿತು. ಸೂಜಿ ತೆಗೆದು, ಕಾಲು ಎತ್ತರಿಸಿ, ಸಲೈನ್ ಹಾಕಿದೆವು. ಹತ್ತು ನಿಮಿಷಕ್ಕೆ ಸುಧಾರಿಸಿಕೊಂಡರು. ಅಂದಿನಿಂದ ಅವರ ವಿಷಯದಲ್ಲಿ ಮೂರು ಬದಲಾವಣೆ ಮಾಡಿದೆವು: ಗಂಜಿಯೋ ಇಡ್ಲಿಯೋ ತಿಂದೇ ಬರಬೇಕು, ಬಂದ ಕೂಡಲೇ ಎರಡು ಲೋಟ ನೀರು ಕುಡಿದು ಅರ್ಧ ಗಂಟೆ ಕೂರಬೇಕು, ಒಂದು ಕೈಯಿಂದ ರಕ್ತ ತೆಗೆಯುವಾಗ ಇನ್ನೊಂದು ಕೈಗೆ ಅಷ್ಟೇ ಪ್ರಮಾಣದ ಸಲೈನ್ ಹೋಗಬೇಕು. ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ ಈ ಸಲೈನ್ ಕ್ರಮ ಬಹಳ ಉಪಕಾರಿ. ಮೊದಲ ದಿನವೇ ಹಾಗೆ ಮಾಡಬಹುದಿತ್ತೇ ಎಂದು ಕೇಳಿದರೆ, ಮಾಡಬಹುದಿತ್ತು.

ಉಳಿದ ಸಲಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಐದು ವಾರಗಳಲ್ಲಿ ಆರು ಬಾರಿ ರಕ್ತ ತೆಗೆದೆವು. ಪಿಸಿವಿ ಪ್ರತಿ ಸಲ ಎರಡು ಮೂರು ಅಂಕ ಇಳಿಯುತ್ತ 44ಕ್ಕೆ ಬಂತು. ನಾಲ್ಕನೆಯ ಚೀಲ ಹನ್ನೆರಡೇ ನಿಮಿಷಗಳಲ್ಲಿ ತುಂಬಿದಾಗ ರಕ್ತ ತೆಳುವಾದದ್ದು ನಮ್ಮ ಕಣ್ಣಿಗೇ ಕಂಡಿತು. ತಲೆನೋವು ಹೋಯಿತು. ಜೊತೆಗೆ ಕೊಟ್ಟಿದ್ದ 75 ಮಿಲಿಗ್ರಾಂ ಆಸ್ಪಿರಿನ್‌ನಿಂದ ಕಾಲ್ಬೆರಳ ಉರಿ ಮೊದಲ ವಾರದಲ್ಲೇ ಕಡಿಮೆಯಾಗಿತ್ತು. 60 ದಾಟಿದವರಲ್ಲಿ ಹೆಪ್ಪಿನ ಅಪಾಯ ಹೆಚ್ಚಿರುವುದರಿಂದ ಮಜ್ಜೆಯ ಓಟವನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಕ್ಯಾಪ್ಸೂಲನ್ನೂ ಆರಂಭಿಸಬೇಕೆಂದು ತಜ್ಞರು ಸೂಚಿಸಿದ್ದರು. ಆದರೆ ಔಷಧದಂಗಡಿಯಲ್ಲಿ ಯಾರೋ ಇದು ಕ್ಯಾನ್ಸರ್ ಮಾತ್ರೆ ಎಂದದ್ದು ಕಿವಿಗೆ ಬಿದ್ದು, ರೋಗಿ ಅದನ್ನು ಬೇಡವೆಂದರು. ಅತ್ತೆಯ ಎದುರು ಆ ಶಬ್ದ ಎತ್ತಬೇಡಿ ಎಂದು ಸೊಸೆ ನನ್ನನ್ನು ಬೇಡಿಕೊಂಡಳು. ರಕ್ತ ತೆಗೆಯುವುದರಿಂದಲೇ ಸದ್ಯಕ್ಕೆ ಹಿಡಿತದಲ್ಲಿದೆಯಲ್ಲ ಎಂದು ಆ ಮಾತನ್ನು ಮುಂದೆ ಹಾಕಿದೆವು.

ಏಳು ತಿಂಗಳು ಹೀಗೆ ನಡೆಯಿತು. ಆರರಿಂದ ಎಂಟು ವಾರಕ್ಕೊಮ್ಮೆ ಒಂದು ಚೀಲ. ಇಷ್ಟರಲ್ಲಿ ಅವರಿಗೆ ಸುಸ್ತು ಕಾಡತೊಡಗಿತು. ದಿನಕ್ಕೆ ಕಟ್ಟುತ್ತಿದ್ದ ಬೀಡಿಯಲ್ಲಿ ಅರ್ಧವೂ ಆಗುತ್ತಿರಲಿಲ್ಲ. ಮನೆಗೆ ಹತ್ತಿರದ ಕ್ಲಿನಿಕ್ಕಿಗೆ ಹೋದರು. ಅಲ್ಲಿ ಮಾಡಿಸಿದ ಪರೀಕ್ಷೆಯಲ್ಲಿ ಫೆರಿಟಿನ್, ಅಂದರೆ ಕಬ್ಬಿಣದ ದಾಸ್ತಾನಿನ ಅಳತೆ, 7 ಬಂತು; ಕೆಂಪುಕಣಗಳು ಸಣ್ಣಗಾಗಿದ್ದವು; ಹಿಮೋಗ್ಲೋಬಿನ್ 12.9. ಯಾರು ನೋಡಿದರೂ ಕಬ್ಬಿಣದ ಕೊರತೆಯೆಂದೇ ಹೇಳುವ ವರದಿ ಅದು. ಕಬ್ಬಿಣದ ಮಾತ್ರೆ ಮತ್ತು ಟಾನಿಕ್ ಕೊಟ್ಟರು. ಮನೆಯಲ್ಲೂ ರಕ್ತ ಹೋದವರೆಂದು ಬೀಟ್‌ರೂಟು, ಖರ್ಜೂರ, ದಾಳಿಂಬೆ ಎಂದು ಉಪಚಾರ ನಡೆದೇ ಇತ್ತು. ಊಟದಲ್ಲಿ ಬರುವಷ್ಟರಿಂದ ದೊಡ್ಡ ಕೇಡಿಲ್ಲ. ಬಸಳೆ, ಹರಿವೆಯನ್ನು ಬಿಡಬೇಕೆಂದು ನಾವು ಯಾರಿಗೂ ಹೇಳುವುದಿಲ್ಲ. ಮಾತ್ರೆಯ ವಿಷಯ ಬೇರೆ. ಬರಿದಾಗಿದ್ದ ಮಜ್ಜೆಗೆ ಒಮ್ಮೆಲೇ ಸಾಮಾನು ಸಿಕ್ಕಿತು. ಐದು ವಾರಗಳ ಬಳಿಕ ನಮ್ಮಲ್ಲಿಗೆ ಬಂದಾಗ 43 ಇದ್ದ ಪಿಸಿವಿ 51ಕ್ಕೆ ಏರಿತ್ತು, ತಲೆನೋವೂ ಕಾಲುರಿಯೂ ಮರಳಿದ್ದವು.

ಆ ಕ್ಲಿನಿಕ್ಕಿನ ವೈದ್ಯರ ಮೇಲೆ ನಾನು ತಪ್ಪು ಹೊರಿಸಲಾರೆ. ನಾವು ಕೊಟ್ಟ ಕಡತದಲ್ಲಿ ಕಬ್ಬಿಣ ಕೊಡಬಾರದು ಎಂಬ ಸೂಚನೆ ಇಂಗ್ಲಿಷಿನಲ್ಲಿ, ಮೂರನೆಯ ಪುಟದ ಅಡಿಯಲ್ಲಿತ್ತು. ರೋಗಿ ಆ ಕಡತವನ್ನು ಕೊಂಡೊಯ್ದಿರಲಿಲ್ಲ, ಕೊಂಡೊಯ್ಯಬೇಕೆಂದು ನಾವು ಹೇಳಿಯೂ ಇರಲಿಲ್ಲ. ಈ ಚಿಕಿತ್ಸೆಯಲ್ಲಿ ಕಬ್ಬಿಣದ ಕೊರತೆಯನ್ನು ನಾವು ಬೇಕೆಂದೇ ತರಿಸುತ್ತೇವೆ ಎಂಬ ಮಾತು, ಆಯುಷ್ಯದುದ್ದಕ್ಕೂ ರಕ್ತ ಕಡಿಮೆ, ಕಬ್ಬಿಣದ ಮಾತ್ರೆ ತಿನ್ನಿ ಎಂದೇ ಕೇಳಿಕೊಂಡು ಬಂದ ಹೆಂಗಸಿನ ಮನಸ್ಸಿನಲ್ಲಿ ಒಂದು ಸಲ ಹೇಳಿದರೆ ನಿಲ್ಲುವುದಿಲ್ಲ. ಅದನ್ನು ಪ್ರತಿ ಭೇಟಿಯಲ್ಲೂ ಹೇಳಬೇಕು, ಬರೆದು ಕೊಡಬೇಕು. ಈಗ ನಮ್ಮಲ್ಲಿ ಅಂಗೈಯಗಲದ ಕನ್ನಡದ ಕಾರ್ಡ್ ಇದೆ. ಅದರ ಮೊದಲ ಸಾಲು: "ಇವರ ರಕ್ತವನ್ನು ಚಿಕಿತ್ಸೆಗಾಗಿ ತೆಗೆಯಲಾಗುತ್ತಿದೆ, ನಮ್ಮನ್ನು ಕೇಳದೆ ಕಬ್ಬಿಣದ ಮಾತ್ರೆ, ಟಾನಿಕ್, ಇಂಜೆಕ್ಷನ್ ಕೊಡಬೇಡಿ." ಕೆಳಗೆ ದೂರವಾಣಿ ಸಂಖ್ಯೆ, ಕೊನೆಯ ಮೂರು ಪಿಸಿವಿ, ಅಷ್ಟೆ.

ಸುಸ್ತು ಸುಳ್ಳಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕಬ್ಬಿಣದ ಕೊರತೆ ಬೇಕೆಂದೇ ತರಿಸಿದ್ದಾದರೂ ದೇಹಕ್ಕೆ ಅದು ಕೊರತೆಯೇ. ಅದು ಕೆಲಸ ಮಾಡಲಾಗದ ಮಟ್ಟಕ್ಕೆ ಬಂದರೆ ತಡೆದುಕೊಳ್ಳಿ ಎಂದು ರೋಗಿಯನ್ನು ಸಮಾಧಾನಪಡಿಸುವುದು ಸರಿಯಲ್ಲ. ರಕ್ತ ತೆಗೆಯುವ ಅಗತ್ಯವನ್ನೇ ಕಡಿಮೆ ಮಾಡಬೇಕು. ಅದಕ್ಕೆ ಇದ್ದ ದಾರಿ, ಅವರು ಬೇಡವೆಂದಿದ್ದ ಆ ಕ್ಯಾಪ್ಸೂಲ್. ಒಂದು ಮಧ್ಯಾಹ್ನ ಅವರನ್ನೂ ಸೊಸೆಯನ್ನೂ ಕೂರಿಸಿಕೊಂಡು, ದುಬೈಯಿಂದ ಮಗನನ್ನು ಫೋನಿನಲ್ಲಿ ಸೇರಿಸಿಕೊಂಡು ತಜ್ಞರೂ ನಾನೂ ಮಾತನಾಡಿದೆವು. ಇದು ರಕ್ತದ ಕ್ಯಾನ್ಸರುಗಳ ಗುಂಪಿಗೆ ಸೇರುವ ಕಾಯಿಲೆ, ಆದರೆ ನಿಧಾನವಾಗಿ ನಡೆಯುವಂಥದ್ದು, ಹಿಡಿತದಲ್ಲಿಟ್ಟುಕೊಂಡು ಹಲವು ವರ್ಷ ಬಾಳುವವರೇ ಹೆಚ್ಚು ಎಂದು ತಜ್ಞರು ಶಬ್ದವನ್ನು ಮರೆಮಾಚದೆ ಹೇಳಿದರು. ಸೊಸೆ ಅತ್ತಳು. ಅತ್ತೆ ಅಳಲಿಲ್ಲ. "ಇದನ್ನು ಮೊದಲೇ ಹೇಳಿದ್ದರೆ ಮಾತ್ರೆ ತಿನ್ನುತ್ತಿದ್ದೆ" ಎಂದರು.

ದಿನಕ್ಕೆ 500 ಮಿಲಿಗ್ರಾಂ ಹೈಡ್ರಾಕ್ಸಿಯೂರಿಯಾ ಆರಂಭಿಸಿ, ಕಬ್ಬಿಣ ನಿಲ್ಲಿಸಿ, ಮೂರು ಬಾರಿ ರಕ್ತ ತೆಗೆದ ಮೇಲೆ ಪಿಸಿವಿ ಮತ್ತೆ 45ರ ಕೆಳಗೆ ಬಂತು. ಬಿಳಿಕಣ ಮತ್ತು ಪ್ಲೇಟ್‌ಲೆಟ್ ಅತಿಯಾಗಿ ಇಳಿಯದಂತೆ ಮೊದಮೊದಲು ಎರಡು ವಾರಕ್ಕೊಮ್ಮೆ, ಈಗ ಎರಡು ತಿಂಗಳಿಗೊಮ್ಮೆ ರಕ್ತಪರೀಕ್ಷೆ ನಡೆಯುತ್ತದೆ. ಚಿಕಿತ್ಸೆ ಆರಂಭವಾಗಿ ಈಗ ಒಂದೂವರೆ ವರ್ಷ. ಕಳೆದ ಐದು ತಿಂಗಳಲ್ಲಿ ಒಂದು ಸಲವೂ ರಕ್ತ ತೆಗೆಯಬೇಕಾಗಿ ಬಂದಿಲ್ಲ. ಸುಸ್ತು ಕಡಿಮೆಯಾಗಿ ಬೀಡಿ ಕೆಲಸಕ್ಕೆ ಮರಳಿದ್ದಾರೆ, ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಬೇಕೆಂಬ ಮಾತನ್ನೂ ಪಾಲಿಸುತ್ತಿದ್ದಾರೆ. ಬಲಗೈಯ ರಕ್ತನಾಳ ಹಲವು ಸಲ ಚುಚ್ಚಿದ್ದರಿಂದ ಗಟ್ಟಿಯಾಗಿದೆ. ಮುಂದೆ ಬೇಕಾದರೆ ಎಡಗೈಯಿಂದ ತೆಗೆಯುತ್ತೇವೆ. ಅವರನ್ನು ನಮ್ಮಲ್ಲಿಗೆ ತಂದ ಆ ತುರಿಕೆ ಮಾತ್ರ ಪೂರ್ತಿ ಹೋಗಿಲ್ಲ. ಪಿಸಿವಿ ಸರಿಹೋದರೂ ಕೆಲವರಲ್ಲಿ ಅದು ಉಳಿಯುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಮಿಂದು, ಉಜ್ಜದೆ ಒತ್ತಿ ಒರೆಸಿಕೊಂಡರೆ ತಡೆದುಕೊಳ್ಳುವಷ್ಟು ಇದೆ ಎನ್ನುತ್ತಾರೆ. ಸೋಣ ತಿಂಗಳ (ಆಗಸ್ಟ್–ಸೆಪ್ಟೆಂಬರ್) ತಪಾಸಣೆಗೆ ಬಂದಾಗ ಅದಕ್ಕೆ ಬೇರೆ ಔಷಧಿ ಕೊಟ್ಟು ನೋಡುವುದೆಂದು ತಜ್ಞರು ಬರೆದಿಟ್ಟಿದ್ದಾರೆ.